ಅಮ್ಮಂಗೆ ಥೈರಾಯ್ಡ್, ಸೆಲೆನಿಯಂ ಜಿಂಕ್ ಟೆಸ್ಟ್ ಮಾಡ್ಸಿದ್ರೆ ಯಾವ ತರದ್ದು ಅಂತ ಗೊತ್ತಾಗುತ್ತಾ?

ಮೂಡಿಗೆರೆ ಹುಡುಗಿ:
ನಮಸ್ಕಾರ ಎಲ್ರಿಗೂ. ಅಮ್ಮಂಗೆ 51 ವರ್ಷ, ಆರು ತಿಂಗಳಿಂದ ಸುಸ್ತು, ಚಳಿ ಜಾಸ್ತಿ, ಬಾಚಿದ್ರೆ ಬಾಚಣಿಗೆ ತುಂಬ ಕೂದ್ಲು, ಮೊನ್ನೆ ಕಾಫಿ ಹರಡ್ತಾ ಇದ್ದವಳು ಕಣದಲ್ಲೇ ಕೂತ್ಬಿಟ್ಳು. ಟಿಎಸ್‌ಎಚ್ (ಥೈರಾಯ್ಡನ್ನ ಕೆಲ್ಸಕ್ಕೆ ಹಚ್ಚೋ ಹಾರ್ಮೋನ್) 14.2 ಬಂದಿದೆ, ಅಂದ್ರೆ ಜಾಸ್ತಿ, ಫ್ರೀ ಟಿ4 (ಥೈರಾಯ್ಡ್ ಮಾಡೋ ಹಾರ್ಮೋನ್) ಕಮ್ಮಿ, ಡಾಕ್ಟ್ರು 50 ಎಂಸಿಜಿ ಥೈರಾಯ್ಡ್ ಮಾತ್ರೆ ಶುರು ಮಾಡಿದಾರೆ. ಈಗ ಲ್ಯಾಬೊಂದ್ರಲ್ಲಿ ರಕ್ತದಲ್ಲಿ ಅಯೋಡಿನ್, ಸೆಲೆನಿಯಂ, ಜಿಂಕ್ ಎಲ್ಲಾ ನೋಡಿ ಯಾವ ತರದ ಥೈರಾಯ್ಡ್ ಅಂತ ಹೇಳ್ತೀವಿ ಅಂತಿದಾರೆ, ರೇಟು ಜಾಸ್ತಿ. ನಮ್ಮಜ್ಜಿಗೆ ಗಳಗಂಡ ಇತ್ತು, ಅದಕ್ಕೆ ಇದೂ ಅಯೋಡಿನ್ ಕೊರತೆನೇ ಇರ್ಬೋದಾ ಅಂತ ಭಯ. ಗೊತ್ತಿರೋರು ಹೇಳಿ.

ಹಾಸನ ಲ್ಯಾಬ್:
ನಾನು ಲ್ಯಾಬ್ ಟೆಕ್ನಿಷಿಯನ್ನು, ಡಾಕ್ಟ್ರಲ್ಲ. ತರ ಯಾವ್ದು ಅಂತ ಹೇಳೋದು ಮಿನರಲ್ ಅಲ್ಲಮ್ಮ. ಟಿಎಸ್‌ಎಚ್ ಜಾಸ್ತಿ, ಟಿ4 ಕಮ್ಮಿ ಇದ್ರೆ ತೊಂದ್ರೆ ಥೈರಾಯ್ಡ್ ಗ್ರಂಥಿಲೇ ಇದೆ, ಟಿ4 ಕಮ್ಮಿ ಇದ್ದೂ ಟಿಎಸ್‌ಎಚ್ ಏರದೇ ಇದ್ರೆ ಮೆದುಳಿನ ಪಿಟ್ಯುಟರಿ ಗ್ರಂಥಿ ಕಡೆ ನೋಡ್ಬೇಕು. ನಿಮ್ಮಮ್ಮಂದು ಮೊದಲನೇದು. ಮುಂದೆ ಆಂಟಿ ಟಿಪಿಒ ಅನ್ನೋ ರಕ್ತದ ಟೆಸ್ಟ್ ಮಾಡ್ಸಿ, ಅದು ಜಾಸ್ತಿ ಬಂದ್ರೆ ಹಶಿಮೊಟೊ, ಅಂದ್ರೆ ನಮ್ಮ ದೇಹನೇ ಗ್ರಂಥಿ ಮೇಲೆ ಬೀಳೋದು. ಟಿ4ನ ದೇಹ ಬಳಸೋ ಟಿ3 ಹಾರ್ಮೋನ್ ಮಾಡೋಕೆ ಸೆಲೆನಿಯಂ ಬೇಕು ಅನ್ನೋದು ನಿಜ, ಆದ್ರೆ ಜ್ವರ ಸೋಂಕು ಇದ್ರೂ ಸೆಲೆನಿಯಂ, ಜಿಂಕ್ ಎರಡೂ ಇಳಿಯುತ್ತೆ, ಅದನ್ನ ನೋಡಿ ಕಾಯಿಲೆ ತೀರ್ಮಾನ ಮಾಡೋಕಾಗಲ್ಲ. ಅಯೋಡಿನ್ ಅಂತೂ ಊಟದ ಮೇಲೆ ದಿನಾ ಏರಿಳಿಯುತ್ತೆ, ಒಂದು ಊರಿನ ಸ್ಥಿತಿ ತಿಳಿಯೋಕೆ ತುಂಬಾ ಜನರ ಮೂತ್ರದಲ್ಲಿ ನೋಡ್ತಾರೆ, ಒಬ್ರಿಗೆ ಒಂದ್ಸಲ ನೋಡಿ ಏನೂ ಹೇಳೋಕಾಗಲ್ಲ. ಅಯೋಡಿನ್ ಇರೋ ಪ್ಯಾಕೆಟ್ ಉಪ್ಪು ತಿಂತಿದ್ರೆ ಸಾಕು, ಅಯೋಡಿನ್ ಹೋಗ್ದಿರೋ ಹಾಗೆ ಡಬ್ಬಿ ಮುಚ್ಚಿಡಿ. ಸುಮ್ನೆ ಅಯೋಡಿನ್ ಮಾತ್ರೆ ಕೊಡ್ಬೇಡಿ, ಹಶಿಮೊಟೊ ಇದ್ರೆ ಇನ್ನೂ ಕೆಡ್ಬೋದು. ಸೆಲೆನಿಯಂ ಅತಿಯಾದ್ರೂ ಕೂದ್ಲು ಉದುರುತ್ತೆ.

ಚಿಕ್ಕಮಗಳೂರು ಅಕ್ಕ:
ಮಿನರಲಲ್ಲಿ ಒಂದು ಮಾತ್ರ ಬಿಡ್ಬೇಡ, ಕಬ್ಬಿಣ. ನನಗೂ ಹಿಂಗೇ ಆಗಿತ್ತು, ಮಾತ್ರೆ ತಗೊಂಡು ಟಿಎಸ್‌ಎಚ್ ಸರಿಹೋದ್ರೂ ಮೆಟ್ಲು ಹತ್ತೋಕಾಗ್ತಿರ್ಲಿಲ್ಲ, ನೋಡಿದ್ರೆ ಫೆರಿಟಿನ್, ಅಂದ್ರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ, ಬರೀ 9. ಥೈರಾಯ್ಡ್ ಹಾರ್ಮೋನ್ ಮಾಡೋ ಕಿಣ್ವಕ್ಕೇ ಕಬ್ಬಿಣ ಬೇಕಂತೆ, ನಮ್ ಡಾಕ್ಟ್ರು ಹೇಳಿದ್ದು. ಆದ್ರೆ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆನ ಥೈರಾಯ್ಡ್ ಮಾತ್ರೆ ಜೊತೆ ನುಂಗ್ಬಾರ್ದು, 4 ಗಂಟೆ ಬಿಡ್ಬೇಕು. ಅಮ್ಮ ಬೆಳಿಗ್ಗೆ ಮಾತ್ರೆ ಹೆಂಗ್ ತಗೋತಾರೆ?

ಮೂಡಿಗೆರೆ ಹುಡುಗಿ:
ಅಕ್ಕ, ಸ್ಟ್ರಿಪ್ಪು ಕಾಫಿ ಫಿಲ್ಟರ್ ಪಕ್ಕನೇ ಇರುತ್ತೆ, ಲೋಟದ ಕಾಫಿ ಜೊತೇಲೇ ನುಂಗ್ತಾಳೆ.

ಹಾಸನ ಲ್ಯಾಬ್:
ಕಾಫಿ ಜೊತೆ ನುಂಗೋದನ್ನ ಇವತ್ತೇ ನಿಲ್ಸಿ, ಮಾತ್ರೆ ಬಿಡ್ಬೇಡಿ. ಕಾಫಿ ಜೊತೆ ತಗೊಂಡ್ರೆ ಮಾತ್ರೆ ಸರಿಯಾಗಿ ಹೀರ್ಕೊಳ್ಳಲ್ಲ. ಖಾಲಿ ಹೊಟ್ಟೇಲಿ ನೀರಲ್ಲಿ ನುಂಗಿ, ಒಂದು ಗಂಟೆ ಆದ್ಮೇಲೆ ಕಾಫಿ. 6ರಿಂದ 8 ವಾರ ಬಿಟ್ಟು ಟಿಎಸ್‌ಎಚ್ ಮತ್ತೆ ನೋಡಿ. ಕೂದ್ಲಿಗೆ ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ ತಗೋತಿದ್ರೆ ಡಾಕ್ಟ್ರಿಗೆ ಹೇಳಿ ಟೆಸ್ಟಿಗೆ ಎರಡು ದಿನ ಮುಂಚೆ ನಿಲ್ಸಿ, ಇಲ್ದಿದ್ರೆ ರಿಪೋರ್ಟ್ ತಪ್ಪು ತೋರ್ಸ್ಬೋದು.

ಮೂಡಿಗೆರೆ ಹುಡುಗಿ:
ಸ್ಟ್ರಿಪ್ಪು ಈಗ್ಲೇ ತಗೊಂಡೋಗಿ ಅವಳ ದಿಂಬಿನ ಹತ್ರ ನೀರಿನ ಚೊಂಬಿನ ಜೊತೆ ಇಟ್ಟೆ. ಆಂಟಿ ಟಿಪಿಒ, ಫೆರಿಟಿನ್ ಎರಡೂ ಮಾಡಿಸ್ಬೋದಾ ಅಂತ ಸೋಮವಾರ ಡಾಕ್ಟ್ರನ್ನ ಕೇಳ್ತೀನಿ, ಆ ಪ್ಯಾಕೇಜ್ ಬೇಡ. ತುಂಬಾ ಥ್ಯಾಂಕ್ಸ್ ಅಕ್ಕ, ಸಾರ್.