ಅಕ್ರಿಲಿಕ್ ಪೋರಿಂಗ್: ಒಣಗಿದ ಮೇಲೆ ನಡುಮಧ್ಯ ಬಿರುಕು, ಬಿಳಿ ಬಣ್ಣದಲ್ಲಿ ಜಾಸ್ತಿ. ಏನು ಕಾರಣ?

ರಾಯಚೂರು_ರಂಗು

ಎಲ್ಲಾರಿಗೂ ನಮಸ್ಕಾರ್ರಿ. ಮನ್ಯಾಗ ಅಕ್ರಿಲಿಕ್ ಪೋರಿಂಗ್, ಅಂದ್ರ ಕುಂಚ ಇಲ್ಲದ ತೆಳು ಬಣ್ಣ ಸುರಿದು ಚಿತ್ರ ಮಾಡೋದು, ಕಲಿಯಾಕ್ಹತ್ತೀನಿ. 12x12 ಇಂಚಿನ ಕ್ಯಾನ್ವಾಸ್, ಫ್ಲಿಪ್ ಕಪ್ ವಿಧಾನ, ಅಂದ್ರ ಎಲ್ಲಾ ಬಣ್ಣ ಒಂದೇ ಕಪ್ಪಿಗೆ ಹಾಕಿ ಕ್ಯಾನ್ವಾಸ್ ಮ್ಯಾಲ ಬೋರಲು ಹಾಕೋದು. ನೀಲಿ, ಹಸಿರು, ಬಿಳಿ ಮೂರೇ ಬಣ್ಣ. ಒಂದು ಪಾಲು ಬಣ್ಣಕ್ಕ ಒಂದು ಪಾಲು ಬಿಳಿ ಗೋಂದು, ನೀರು ಕಣ್ಣಳತೆ ಮ್ಯಾಲ. ಸುರಿದಾಗ ಭಾಳ ಚಂದ ಹರದಿತ್ತು. ರಾತ್ರಿ ಫ್ಯಾನಿನ ಕೆಳಗ ಇಟ್ಟು ಮಲಕೊಂಡೆ. ಮುಂಜಾನೆ ನೋಡಿದ್ರ ನಡುವ ಎರೆಹೊಲ ಬಿರದಂಗ ಬಿರುಕು. ಅಂಚಿನ ಕಡೆ ಏನೂ ಇಲ್ಲ. ಬಿಳಿ ಇರೋ ಜಾಗದಾಗ ಬಿರುಕು ಅಗಲ, ನೀಲಿಯೊಳಗ ಕೂದಲೆಳೆಯಷ್ಟು.

ಇನ್ನೊಂದು ಪ್ರಶ್ನೆ. ವಿಡಿಯೋದಾಗ ಬರ್ತಾವಲ್ರಿ, ದುಂಡ ದುಂಡ ಸೆಲ್, ಅವು ನನಗ ಒಂದೂ ಬರವಲ್ವು. ಯಾಕ?

ಬಣ್ಣದ_ಬುಗುರಿ

ಬಣ್ಣದ ಗುಣಮಟ್ಟವೇ ಕಾರಣ ಇರಬೇಕು. ಒಳ್ಳೆ ಆರ್ಟಿಸ್ಟ್ ಗ್ರೇಡ್ ತಗೊಳ್ಳಿ, ಎಲ್ಲಾ ಸರಿಹೋಗುತ್ತೆ.

ಕಡಲತಡಿ

ದುಬಾರಿ ಬಣ್ಣ ಕೊಳ್ಳುವ ಮೊದಲು ಸ್ವಲ್ಪ ತಡೆಯಿರಿ. ಬಿರುಕು ಎಲ್ಲಿ ಬಂದಿದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ನೀವು ಅದನ್ನು ಸರಿಯಾಗಿ ಗಮನಿಸಿ ಬರೆದದ್ದು ಒಳ್ಳೆಯದಾಯಿತು. ಬಣ್ಣವೇ ಕೆಟ್ಟದಾಗಿದ್ದರೆ ಅಂಚಿನಲ್ಲೂ ಬಿರಿಯಬೇಕಿತ್ತು. ನಡುವೆ ಮಾತ್ರ ಬಿರಿದಿದೆ ಅಂದರೆ ಅಲ್ಲಿ ಪದರ ದಪ್ಪ ಇದೆ. ಇನ್ನು ಬಿಳಿಯಲ್ಲಿ ಹೆಚ್ಚು, ನೀಲಿಯಲ್ಲಿ ಕಮ್ಮಿ ಅನ್ನುವುದು ಬೇರೆಯದೇ ಕಾರಣ. ಎರಡನ್ನೂ ಒಂದೇ ಅಂತ ಹಿಡಿದರೆ ಪರಿಹಾರ ಸಿಗುವುದಿಲ್ಲ.

ನಾಲ್ಕು ವಿಷಯ ತಿಳಿಸಿ. ಒಟ್ಟು ಎಷ್ಟು ಮಿಲಿ ಸುರಿದಿರಿ, ಅದರಲ್ಲಿ ಅಂದಾಜು ಎಷ್ಟು ಕೆಳಗೆ ಸೋರಿತು? ಕ್ಯಾನ್ವಾಸಿನ ನಡುವೆ ಬೆರಳಿಟ್ಟು ಒತ್ತಿದರೆ ಬಿಗಿ ಇದೆಯಾ, ಜೋಲುತ್ತದಾ? ಮೂರು ಬಣ್ಣವೂ ಒಂದೇ ತರಹದ ಟ್ಯೂಬಿನವಾ? ಸೋರಿದ ಬಣ್ಣ ಪ್ಲಾಸ್ಟಿಕ್ ಹಾಳೆಯ ಮೇಲೆ ಒಣಗಿದ್ದು ಇನ್ನೂ ಇದೆಯಾ? ಇದ್ದರೆ ಬಿಸಾಡಬೇಡಿ.

ರಾಯಚೂರು_ರಂಗು

ಅಕ್ಕಾರ, ಕಾಗದದ ಕಪ್ಪಿನ ಲೆಕ್ಕದಾಗ ಒಟ್ಟು 350 ಮಿಲಿ. ಸೋರಿದ್ದು 100ರ ಮ್ಯಾಲ ಇರಲಿಕ್ಕಿಲ್ಲ. ಕ್ಯಾನ್ವಾಸ್ ಒತ್ತಿದ್ರ ಜೋಲ್ತದ. ನೀಲಿ, ಹಸಿರು ಟ್ಯೂಬಿನವು. ಬಿಳಿ ಮಾತ್ರ ಮನಿಗೆ ಬಣ್ಣ ಹೊಡಿಸಿದಾಗ ಉಳಿದಿದ್ದ ಡಬ್ಬಿಯೊಳಗಿಂದು. ಬಿಳಿ ಭಾಳ ಬೇಕಾಗ್ತದ, ಟ್ಯೂಬ್ ತಂದ್ರ ಪೂರೈಸಂಗಿಲ್ಲ. ಪ್ಲಾಸ್ಟಿಕ್ ಹಾಳಿ ಹಂಗೇ ಅದ.

ಕಡಲತಡಿ

ಸರಿ, ಮೊದಲು ದಪ್ಪದ ಲೆಕ್ಕ ಮಾಡೋಣ. 12x12 ಇಂಚು ಅಂದರೆ ಸುಮಾರು 930 ಚದರ ಸೆಂಟಿಮೀಟರ್. ಅದರ ಮೇಲೆ 100 ಮಿಲಿ ಸಮನಾಗಿ ನಿಂತರೆ ಪದರ ಸರಿಸುಮಾರು 1 ಮಿಲಿಮೀಟರ್. ನಿಮ್ಮಲ್ಲಿ ಉಳಿದದ್ದು 250 ಮಿಲಿ, ಅಂದರೆ ಸರಾಸರಿ ಎರಡೂವರೆ ಮಿಲಿಮೀಟರಿಗಿಂತ ಹೆಚ್ಚು. ಕ್ಯಾನ್ವಾಸ್ ಜೋಲಿದ್ದರಿಂದ ಅಂಚಿನ ಬಣ್ಣವೂ ನಡುವಿಗೇ ಹರಿದು ನಿಂತಿದೆ. ಹಾಗಾಗಿ ನಡುವೆ ಇನ್ನೂ ದಪ್ಪ. ಈ ಅಳತೆಯ ಕ್ಯಾನ್ವಾಸಿಗೆ ಒಟ್ಟು 170 ಮಿಲಿ ಆಸುಪಾಸು ಸಾಕು, ಅದರಲ್ಲೂ ಒಂದು ಭಾಗ ಸೋರಿಹೋಗಬೇಕು.

ದಪ್ಪ ಆದರೆ ಯಾಕೆ ಬಿರಿಯುತ್ತದೆ? ಅಕ್ರಿಲಿಕ್ ಬಣ್ಣ ಅಂದರೆ ನೀರಿನಲ್ಲಿ ಹರಡಿಕೊಂಡಿರುವ ಅತಿ ಸಣ್ಣ ಪ್ಲಾಸ್ಟಿಕ್ ಕಣಗಳು, ಜೊತೆಗೆ ಬಣ್ಣದ ಪುಡಿ. ನೀರು ಆರಿದ ಹಾಗೆ ಕಣಗಳು ಒತ್ತೊತ್ತಾಗಿ ಸೇರಿ, ಬೆಸೆದು ಒಂದೇ ಹಾಳೆಯಾಗುತ್ತವೆ. ನೀರು ಹೋಗುವುದು ಮೇಲಿನಿಂದ, ಆದ್ದರಿಂದ ಮೊದಲು ಮೇಲೆ ಪೊರೆ ಕಟ್ಟುತ್ತದೆ. ಅಡಿಯಲ್ಲಿ ಇನ್ನೂ ಹಸಿ. ಆಮೇಲೆ ಅಡಿಯ ನೀರು ಹೋಗುವಾಗ ಅಲ್ಲಿನ ಬಣ್ಣ ಕುಗ್ಗುತ್ತದೆ. ಆಗಷ್ಟೇ ಕಟ್ಟಿದ ಪೊರೆಗೆ ಇನ್ನೂ ಗಟ್ಟಿತನ ಬಂದಿರುವುದಿಲ್ಲ, ಆ ಎಳೆತಕ್ಕೆ ಹರಿದುಹೋಗುತ್ತದೆ. ಏಪ್ರಿಲಿನ ರಾಯಚೂರು, ಮೇಲೆ ಫ್ಯಾನು ಅಂದರೆ ಪೊರೆ ಕಟ್ಟುವುದು ಇನ್ನೂ ಬೇಗ. ಬಣ್ಣ ಹೆಚ್ಚಾದರೆ, ಗಾಳಿ ಹೆಚ್ಚಾದರೆ, ನೀರು ಹೆಚ್ಚಾದರೆ ಬಿರುಕು. ನೀರನ್ನು ಕಣ್ಣಳತೆಯಲ್ಲಿ ಹಾಕಬೇಡಿ. ಬಣ್ಣದ ಅಳತೆಯ ಮೂರನೇ ಒಂದು ಪಾಲಿಗಿಂತ ಕಡಿಮೆ ಇರಲಿ. ತೆಳು ಸಾಲದಿದ್ದರೆ ನೀರಿನ ಬದಲು ಪೋರಿಂಗ್ ಮೀಡಿಯಂ (ಬಣ್ಣ ಚೆನ್ನಾಗಿ ಹರಿಯಲು ಬೆರೆಸುವ ಅಂಟು ದ್ರವ) ಅಥವಾ ಗೋಂದನ್ನೇ ಹೆಚ್ಚಿಸಿ. ಹದ ನೋಡುವುದು ಹೀಗೆ: ಕಡ್ಡಿಯಿಂದ ಎತ್ತಿ ಬಿಟ್ಟಾಗ ಧಾರೆ ತುಂಡಾಗದೆ ಇಳಿಯಬೇಕು, ಬಿದ್ದ ಗೆರೆ ಕ್ಷಣಹೊತ್ತು ಕಂಡು ಮಾಯವಾಗಬೇಕು.

ಈಗ ಬಿಳಿಯ ವಿಷಯ. ಪ್ಲಾಸ್ಟಿಕ್ ಹಾಳೆಯ ಮೇಲೆ ಒಣಗಿದ ತುಣುಕುಗಳನ್ನು ಎಬ್ಬಿಸಿ. ಬರೀ ನೀಲಿ ಇರುವ ಒಂದು, ಬರೀ ಬಿಳಿ ಇರುವ ಒಂದು. ಎರಡನ್ನೂ ಕಾಗದದ ಹಾಗೆ ಮಡಚಿ ನೋಡಿ. ಆಮೇಲೆ ಒದ್ದೆ ಬೆರಳಿನಿಂದ ಉಜ್ಜಿ. ಏನಾಯಿತು ಅಂತ ಬರೆಯಿರಿ.

ರಾಯಚೂರು_ರಂಗು

ನೋಡಿದೆ ಅಕ್ಕಾರ. ನೀಲಿ ತುಣುಕು ರಬ್ಬರಿನಂಗ ಮಡಚಿತು, ಬಿಟ್ರ ಮತ್ತ ಬಿಚ್ಚಿಕೊಂತು. ಬಿಳಿ ಮಡಚೋಕಿಂತ ಮೊದಲೇ ಟಕ್ಕಂತ ಮುರೀತು, ಮುರಿದ ಕಡೆ ಪುಡಿ ಪುಡಿ. ಒದ್ದೆ ಬೆರಳಿಗೆ ಬಿಳಿ ಹತ್ತಿತು. ನೀಲಿ ಹತ್ತಲಿಲ್ಲ.

ದಾವಣಗೆರೆ_ಪೇಂಟ್ಸ್

ನಂದು ಪೇಂಟ್ ಅಂಗಡಿ, ಅದಕ್ಕೇ ಹೇಳ್ತೀನಿ. ಡಬ್ಬಿ ಮೇಲೆ ಡಿಸ್ಟೆಂಪರ್ ಅಂತ ಬರೆದಿದೆಯಾ, ಎಮಲ್ಶನ್ ಅಂತ ಬರೆದಿದೆಯಾ ನೋಡಿ. ನನ್ನ ಊಹೆ ಡಿಸ್ಟೆಂಪರ್ರು. ಅಕ್ರಿಲಿಕ್ ಡಿಸ್ಟೆಂಪರ್ ಅಂತ ಹೆಸರಿರುತ್ತೆ, ಜನ ಅದನ್ನೂ ಅಕ್ರಿಲಿಕ್ ಬಣ್ಣ ಅಂದ್ಕೊಳ್ತಾರೆ. ಅದರಲ್ಲಿ ಸುಣ್ಣಕಲ್ಲಿನ ಪುಡಿ ಥರದ ತುಂಬುವ ಪದಾರ್ಥ ಜಾಸ್ತಿ, ಅಂಟು ಕಮ್ಮಿ. ಗೋಡೆಗೆ ತೆಳುವಾಗಿ ಎರಡು ಕೋಟು ಹೊಡೆಯೋಕೆ ಮಾಡಿರೋ ಮಾಲು ಅದು. ಗೋಡೆ ಮೇಲೆ ಚೆನ್ನಾಗೇ ನಿಲ್ಲುತ್ತೆ, ಅದರ ತಪ್ಪೇನೂ ಇಲ್ಲ. ಆದರೆ ಮಿಲಿಮೀಟರ್‌ಗಟ್ಟಲೆ ದಪ್ಪಕ್ಕೆ ಸುರಿದರೆ ಆ ಪುಡಿನೆಲ್ಲಾ ಹಿಡಿದಿಡೋಕೆ ಒಳಗೆ ಅಂಟೇ ಇರಲ್ಲ. ಮೇಲಿಂದ ನೀರು ಬೇರೆ ಹಾಕಿದ್ದೀರಿ.

ಬಿಳಿ ಅಗ್ಗವಾಗಿ ಬೇಕು ಅಂದ್ರೆ ಹೊರಗೋಡೆಗೆ ಹೊಡೆಯೋ ಎಕ್ಸ್‌ಟೀರಿಯರ್ ಎಮಲ್ಶನ್ ಒಂದು ಲೀಟರ್ ತಗೊಳ್ಳಿ. ಬಿಸಿಲು ಮಳೆ ತಡೀಬೇಕಲ್ಲ, ಅದಕ್ಕೆ ಅಂಟಿನ ಪಾಲು ಚೆನ್ನಾಗಿರುತ್ತೆ, ಬಾಗೋ ಗುಣನೂ ಇರುತ್ತೆ. ನನ್ನ ಹತ್ರ ಪೋರಿಂಗ್ ಮಾಡೋ ಹುಡುಗರು ಒಯ್ಯೋದು ಅದನ್ನೇ. ಟ್ಯೂಬಿಗಿಂತ ಎಷ್ಟೋ ಸೋವಿ.

ರಾಯಚೂರು_ರಂಗು

ಅಣ್ಣಾರ, ಡಬ್ಬಿ ಮ್ಯಾಲ ಡಿಸ್ಟೆಂಪರ್ ಅಂತನೇ ಅದ. ಹಂಗಂದ್ರ ಬರೇ ಬಿಳಿ ಬದಲಿ ಮಾಡಿದ್ರ ಸಾಕೇನು?

ಕಡಲತಡಿ

ಸಾಕಾಗುತ್ತದೆ ಅಂತ ಈಗಲೇ ಹೇಳಲಾರೆ, ಪರೀಕ್ಷೆ ಮಾಡಿಯೇ ನೋಡಿ. ಮನೆಯಲ್ಲಿ ಉಳಿದ ಟೈಲ್ಸ್ ತುಂಡು ನಾಲ್ಕು ತಗೊಳ್ಳಿ. ಟೈಲ್ಸ್ ಜೋಲುವುದಿಲ್ಲ, ಹಾಗಾಗಿ ದಪ್ಪದ ಗೊಂದಲ ತಪ್ಪುತ್ತದೆ. ನಾಲ್ಕಕ್ಕೂ ಅಳೆದು ಒಂದೇ ಪ್ರಮಾಣ ಸುರಿಯಿರಿ. ಎರಡಕ್ಕೆ ಡಿಸ್ಟೆಂಪರ್ ಬಿಳಿ, ಎರಡಕ್ಕೆ ಎಮಲ್ಶನ್ ಬಿಳಿ. ಆಮೇಲೆ ಪ್ರತಿ ಜೋಡಿಯಲ್ಲಿ ಒಂದನ್ನು ಫ್ಯಾನಿನ ಕೆಳಗಿಡಿ, ಇನ್ನೊಂದನ್ನು ರಟ್ಟಿನ ಡಬ್ಬ ಬೋರಲು ಹಾಕಿ ಮುಚ್ಚಿ. ಡಬ್ಬದ ಒಂದು ಮೂಲೆಗೆ ಪೆನ್ಸಿಲ್ ಕೊಟ್ಟು ಸ್ವಲ್ಪ ಎತ್ತರಿಸಿ, ತೇವ ಹೊರಗೆ ಹೋಗಲು ದಾರಿ ಬೇಕು. ನಿಮ್ಮೂರಿನ ಈಗಿನ ಒಣಹವೆಗೆ ಡಬ್ಬದೊಳಗೆ ಪಕ್ಕದಲ್ಲಿ ಒಂದು ಬಟ್ಟಲು ನೀರಿಟ್ಟರೂ ಒಳ್ಳೆಯದೇ. ಸಮತಟ್ಟು ಮಾತ್ರ ರಸಮಟ್ಟ ಇಟ್ಟು ನೋಡಿ. ಫೋನಿನಲ್ಲಿ ಬರುವ ಮಟ್ಟದ ಆ್ಯಪ್ ಆದರೂ ಆದೀತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದರೆ ಯಾವುದರಿಂದ ಬಿರುಕು ಬಂತು ಅಂತ ಖಚಿತವಾಗುತ್ತದೆ.

ಕುಡ್ಲ_ಕಲರ್ಸ್

ನಮ್ಮ ಮಂಗಳೂರಲ್ಲಿ ಉಲ್ಟಾ ಕಥೆ ಮಾರಾಯ್ರೆ. ಜುಲೈನಲ್ಲಿ ಸುರಿದರೆ ಬಿರುಕಿನ ಮಾತೇ ಇಲ್ಲ, ಆದರೆ ದಿನಗಟ್ಟಲೆ ಅಂಟಂಟು, ಕ್ಯಾನ್ವಾಸಿನ ಹಿಂದೆ ಬೂಸ್ಟು. ಇಲ್ಲಿ ಡಬ್ಬ ಮುಚ್ಚಿಯೇ ಬಿಟ್ಟರೆ ಕೆಲಸ ಕೆಡುತ್ತದೆ. ಮಳೆಗಾಲದಲ್ಲಿ ಮೊದಲ ರಾತ್ರಿ ಮುಚ್ಚಿಟ್ಟು, ಮೇಲ್ಮೈ ನಿಂತ ಮೇಲೆ ಮುಚ್ಚಳ ತೆಗೆದು, ಫ್ಯಾನನ್ನು ಗೋಡೆ ಕಡೆ ತಿರುಗಿಸಿ ಇಡುತ್ತೇನೆ. ಕರಾವಳಿಯವರು ಇದನ್ನು ಓದುತ್ತಿದ್ದರೆ ರಾಯಚೂರಿನ ಮದ್ದನ್ನು ಹಾಗೆಯೇ ತಗೊಳ್ಳಬೇಡಿ.

ಸಾಂದ್ರ

ಸೆಲ್ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ಅದು ನನಗೆ ತುಂಬ ಇಷ್ಟದ ವಿಷಯ. ಸೆಲ್ ಬರುವುದಕ್ಕೆ ಮುಖ್ಯ ಕಾರಣ ಬಣ್ಣಗಳ ತೂಕದ ವ್ಯತ್ಯಾಸ. ಟ್ಯೂಬಿನ ಬಿಳಿಯಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ನೀರಿಗಿಂತ ಸುಮಾರು ನಾಲ್ಕು ಪಟ್ಟು ಸಾಂದ್ರ. ಥ್ಯಾಲೋ ನೀಲಿ, ಥ್ಯಾಲೋ ಹಸಿರು ಇವುಗಳ ಪುಡಿ ಅದಕ್ಕಿಂತ ಬಹಳ ಹಗುರ. ಭಾರದ ಬಿಳಿ ಮೇಲೆ, ಹಗುರದ ನೀಲಿ ಕೆಳಗೆ ಇದ್ದರೆ ಬಿಳಿ ಕೆಳಗಿಳಿಯಲು ನೋಡುತ್ತದೆ, ನೀಲಿ ಅಲ್ಲಲ್ಲಿ ಬಿಳಿಯನ್ನು ಸೀಳಿಕೊಂಡು ಮೇಲೇಳುತ್ತದೆ. ಆ ಎದ್ದ ಜಾಗವೇ ಸೆಲ್. ಭೌತಶಾಸ್ತ್ರದಲ್ಲಿ ಇದಕ್ಕೆ ರೇಲೀ-ಟೇಲರ್ ಅಸ್ಥಿರತೆ ಅನ್ನುತ್ತಾರೆ.

ಇದು ಹೊಸದಾಗಿ ವಿಡಿಯೋಗಳಿಂದ ಹುಟ್ಟಿದ್ದೂ ಅಲ್ಲ. ಮೆಕ್ಸಿಕೋದ ಭಿತ್ತಿಚಿತ್ರಕಾರ ದಾವಿದ್ ಅಲ್ಫಾರೊ ಸಿಕೇರೋಸ್ 1930ರ ದಶಕದಲ್ಲೇ ಬಣ್ಣದ ಮೇಲೆ ಬಣ್ಣ ಸುರಿದು ಇಂಥ ಆಕಾರ ಬರಿಸುತ್ತಿದ್ದರು, ‘ಆಕಸ್ಮಿಕ ಚಿತ್ರಣ’ ಅಂತ ಕರೆಯುತ್ತಿದ್ದರು. 1936ರಲ್ಲಿ ನ್ಯೂಯಾರ್ಕಿನಲ್ಲಿ ಅವರು ನಡೆಸಿದ ಪ್ರಯೋಗಶಾಲೆಗೆ ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ ಕೂಡ ಬಂದಿದ್ದರು. ಆಗ ಅವರು ಬಳಸಿದ್ದು ನಮ್ಮ ನೀರಿನ ಅಕ್ರಿಲಿಕ್ ಅಲ್ಲ, ಕಾರುಗಳಿಗೆ ಹೊಡೆಯುವ ಲ್ಯಾಕರ್. 2015ರಲ್ಲಿ ಮೆಕ್ಸಿಕೋದ ಸಂಶೋಧಕರು ಅದನ್ನೇ ಪ್ರಯೋಗಾಲಯದಲ್ಲಿ ಮತ್ತೆ ಸುರಿದು ನೋಡಿ, ಸಾಂದ್ರ ಬಣ್ಣ ಮೇಲಿದ್ದಾಗ ಈ ಆಕಾರ ಏಳುತ್ತದೆ ಅಂತ ಪ್ರಕಟಿಸಿದರು.

ನಿಮ್ಮ ವಿಷಯಕ್ಕೆ ಬಂದರೆ, ಕಪ್ಪಿಗೆ ಬಣ್ಣ ಹಾಕುವ ಕ್ರಮ ಹೇಳಿಲ್ಲ. ಫ್ಲಿಪ್ ಕಪ್ಪಿನಲ್ಲಿ ಕಪ್ ಬೋರಲಾಗುವುದರಿಂದ ತಳದಲ್ಲಿದ್ದದ್ದು ಮೇಲಕ್ಕೆ ಬರುತ್ತದೆ. ಆದ್ದರಿಂದ ಬಿಳಿಯನ್ನು ಮೊದಲು ಹಾಕಿ, ನೀಲಿ ಹಸಿರನ್ನು ಆಮೇಲೆ. ಮೂರೂ ಬಣ್ಣದ ಹದ ಒಂದೇ ಇರಲಿ. ಒಂದು ಗಟ್ಟಿ, ಇನ್ನೊಂದು ನೀರು ಅಂತಾದರೆ ಸೆಲ್ ಬದಲು ಕಲಸಿಹೋದ ಬೂದು ಬಣ್ಣ ಬರುತ್ತದೆ. ಸಿಲಿಕೋನ್ ಎಣ್ಣೆ ಅಥವಾ ಡೈಮೆಥಿಕೋನ್ ಇರುವ ಕೂದಲಿನ ಸೀರಮ್ ಎರಡು ಹನಿ ಹಾಕಿದರೆ ದೊಡ್ಡ ಸೆಲ್ ಬರುವುದು ನಿಜ. ಆದರೆ ಒಣಗಿದ ಮೇಲೂ ಆ ಎಣ್ಣೆ ಮೇಲೆ ಉಳಿಯುತ್ತದೆ, ವಾರ್ನಿಶ್ ಹಚ್ಚಿದರೆ ಅಲ್ಲಲ್ಲಿ ಸರಿದು ಗುಂಡಿ ಬೀಳುತ್ತದೆ. ಮೊದಲು ಎಣ್ಣೆ ಇಲ್ಲದೆ ತೂಕದಿಂದಲೇ ಸೆಲ್ ಬರಿಸಿ ನೋಡಿ. ಬಂದಾಗ ಆಗುವ ಖುಷಿಯೇ ಬೇರೆ.

ರಾಯಚೂರು_ರಂಗು

ನಾಲ್ಕೂ ಟೈಲ್ಸ್ ಒಣಗಿದ್ವು. ಎಮಲ್ಶನ್ ಬಿಳಿ, ಮುಚ್ಚಿಟ್ಟಿದ್ದು: ಒಂದೂ ಬಿರುಕಿಲ್ಲ, ಗಾಜಿನಂಗ ನುಣುಪು. ಎಮಲ್ಶನ್ ಬಿಳಿ, ಫ್ಯಾನಿನ ಕೆಳಗಿಂದು: ಒಂದು ಮೂಲ್ಯಾಗ ಬಣ್ಣ ಜಾಸ್ತಿ ನಿಂತಿತ್ತು, ಅಲ್ಲಿ ಮಾತ್ರ ಸಣ್ಣ ಬಿರುಕು. ಡಿಸ್ಟೆಂಪರಿನ ಎರಡೂ ಬಿರದಾವ, ಮುಚ್ಚಿದ್ದರಾಗ ಸ್ವಲ್ಪ ಕಮ್ಮಿ ಅಷ್ಟೇ. ಬಿಳಿ ಮೊದಲು ಹಾಕಿದ್ದಕ್ಕ ಸೆಲ್ಲೂ ಬಂದಾವ್ರಿ! ಸಣ್ಣವು, ಕಡಲಿ ಕಾಳಿನಷ್ಟು, ಅಂಚಿಗೆಲ್ಲಾ ಬಿಳಿ ಜಾಳಿಗಿ. ನೋಡ್ಕೊಂತ ಕುಂತುಬಿಟ್ಟೆ.

ಈಗ ಹಳೇ ಬಿರುಕಿನ ಕ್ಯಾನ್ವಾಸ್ ಏನು ಮಾಡ್ಲಿ? ಹೊಸ ಕ್ಯಾನ್ವಾಸಿನ ಜೋಲು ಹೆಂಗ ತೆಗೀಲಿ?

ಕಡಲತಡಿ

ಬಹಳ ಸಂತೋಷ ಆಯಿತು. ಅಂದರೆ ನಿಮ್ಮ ಬಿರುಕಿಗೆ ದೊಡ್ಡ ಕಾರಣ ಬಿಳಿಯೊಳಗೆ ಅಂಟು ಸಾಲದ್ದು, ಅದನ್ನು ಹೆಚ್ಚಿಸಿದ್ದು ದಪ್ಪ ಮತ್ತು ಫ್ಯಾನು. ಮೂರನ್ನೂ ಬದಲಿಸಿ, ಟ್ಯೂಬಿನ ನೀಲಿ ಹಸಿರು ಅವೇ ಇರಲಿ. ಗೋಂದೂ ಅದೇ ಇರಲಿ, ಅಭ್ಯಾಸಕ್ಕೆ ಧಾರಾಳ ಸಾಕು. ಮಾರುವ, ವರ್ಷಗಟ್ಟಲೆ ಉಳಿಯಬೇಕಾದ ಚಿತ್ರಕ್ಕೆ ಮಾತ್ರ ಅಕ್ರಿಲಿಕ್ ಪೋರಿಂಗ್ ಮೀಡಿಯಂ ತಗೊಳ್ಳಿ.

ಹೊಸ ಕ್ಯಾನ್ವಾಸಿನ ಹಿಂದೆ ಚೌಕಟ್ಟಿನ ಮೂಲೆಗಳಿಗೆ ಬಡಿಯುವ ಮರದ ಬೆಣೆ ಕೊಟ್ಟಿದ್ದರೆ ಅವನ್ನು ಹೊಡೆದು ಬಿಗಿ ಮಾಡಿ. ಇಲ್ಲದಿದ್ದರೆ ಹಿಂಬದಿಗೆ ನೀರು ಚಿಮುಕಿಸಿ ಒಣಗಲು ಬಿಟ್ಟರೂ ಸ್ವಲ್ಪ ಬಿಗಿಯುತ್ತದೆ. ಸುರಿಯುವಾಗ ಅಡಿಗೆ, ಚೌಕಟ್ಟಿನ ಒಳಗೆ ಸರಿಯಾಗಿ ಕೂರುವ ರಟ್ಟು ಕೊಟ್ಟರೆ ನಡು ಇಳಿಯುವುದಿಲ್ಲ. ದೊಡ್ಡ ಅಳತೆಗೆ ಹೋಗುವಾಗ ಎಂಡಿಎಫ್ ಹಲಗೆಗೆ ಪ್ರೈಮರ್ ಹೊಡೆದು ಅದರ ಮೇಲೇ ಸುರಿಯಿರಿ.

ಹಳೆಯ ಕ್ಯಾನ್ವಾಸಿಗೆ ಸೆಲ್ಲೋ ಟೇಪ್ ಪರೀಕ್ಷೆ ಮಾಡಿ. ಬಿರುಕಿನ ಮೇಲೆ ಟೇಪ್ ಒತ್ತಿ, ಒಮ್ಮೆಗೇ ಕಿತ್ತು ನೋಡಿ. ಚಕ್ಕೆ ಎದ್ದು ಬಂದರೆ ಮೇಲೆ ಏನು ಹಚ್ಚಿದರೂ ನಿಲ್ಲುವುದಿಲ್ಲ, ಕೆರೆದು ತೆಗೆಯಿರಿ. ಕೆರೆಯುವಾಗ ಒದ್ದೆ ಮಾಡಿಕೊಂಡೇ ಕೆರೆಯಿರಿ, ಪುಡಿ ಮೂಗಿಗೆ ಹೋಗಬಾರದು. ಏನೂ ಏಳದಿದ್ದರೆ ಅಕ್ರಿಲಿಕ್ ಗ್ಲಾಸ್ (ಹೊಳಪಿನ) ಮೀಡಿಯಂ ಒಂದು ಕೈ ಹಚ್ಚಿ, ಅದು ಬಿರುಕಿನೊಳಗೆ ಇಳಿದು ಒಣಗಿದ ಮೇಲೆ ಹೊಸದಾಗಿ ತೆಳುವಾಗಿ ಸುರಿಯಬಹುದು.

ವಾರ್ನಿಶ್‌ಗೆ ಅವಸರ ಬೇಡ. ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಒಳಗಿನ ತೇವ ಹೋಗಲು ವಾರಗಳು ಬೇಕು. ಕಮ್ಮಿಯೆಂದರೂ ಮೂರು ವಾರ ಬಿಡಿ.

ದಾವಣಗೆರೆ_ಪೇಂಟ್ಸ್

ಒಂದೇ ಮಾತು ಸೇರಿಸ್ತೀನಿ. ಉಳಿದ ಬಣ್ಣನ ಸಿಂಕಿಗೆ ಸುರಿಬೇಡಿ, ಪೈಪಿನೊಳಗೆ ಪ್ಲಾಸ್ಟಿಕ್ ಆಗಿ ಕೂತ್ಕೊಳ್ಳುತ್ತೆ. ಕಪ್ಪಲ್ಲೇ ಒಣಗೋಕೆ ಬಿಡಿ, ಸುಲಿದು ಕಸಕ್ಕೆ ಹಾಕಿ. ಎಮಲ್ಶನ್ ಡಬ್ಬಿ ಮುಚ್ಚಳ ಒತ್ತಿ ಮುಚ್ಚಿ ನೆರಳಲ್ಲಿಡಿ, ಮುಂದಿನ ಸಲ ಹಾಕೋ ಮುಂಚೆ ಬಟ್ಟೆಯಲ್ಲಿ ಸೋಸಿ, ಗಂಟಿದ್ದರೆ ಸಿಕ್ಕಿಬಿಡುತ್ತೆ.