ಹೆಬ್ಬೆಟ್ಟಿನ ರೋಗಕ್ಕೆ ಬೆಲ್ಲದ ಮಂಡಿ ಮದ್ದು

(ಮಂಡ್ಯದ ಒಂದು ಬೆಲ್ಲದ ಮಂಡಿ. ಹರಾಜು ಮುಗಿದು ಹಮಾಲರು ಊಟಕ್ಕೆ ಹೋಗಿದ್ದಾರೆ. ಗಲ್ಲಾಪೆಟ್ಟಿಗೆ ಮುಂದೆ ಕೆಂಪಣ್ಣ, ಮೂಟೆಗೆ ಒರಗಿದ ಬೋರೇಗೌಡ, ರಿಟೈರಾದ ವಿಜ್ಞಾನದ ಮೇಷ್ಟ್ರು, ಆಪ್ತಸಲಹೆ ಕೆಲಸದ ವಿಮಲಕ್ಕ. ದುಡಿಯುತ್ತಿರುವುದು ಫೋನಿನ ಮೇಲೆ ಕೆಂಪಣ್ಣನ ಹೆಬ್ಬೆಟ್ಟು ಒಂದೇ.)

ಬೋರೇಗೌಡ: ಲೋ ಕೆಂಪ, ಮಡಗ್ಲಾ ಅದನ್ನ ಅತ್ಲಾಗೆ. ಹೆಂಡ್ರ ಮುಖನ ಇದರಲ್ಲಿ ಕಾಲುಭಾಗ ನೋಡಿದ್ರೂ ಸಂಸಾರ ಉದ್ಧಾರ ಆಗಿರೋದು.

ಕೆಂಪಣ್ಣ: ದುಡ್ಡು ಬಂತಾ ಅಂತ ನೋಡ್ತಾ ಇವ್ನಿ ಕಣಣ್ಣ.

ಮೇಷ್ಟ್ರು: ದುಡ್ಡು ಬಂದ್ರೆ ಪಕ್ಕದ ಸೌಂಡ್‌ಬಾಕ್ಸೇ ಬಾಯಿಬಿಟ್ಟು ಕೂಗುತ್ತೆ. ನೀನು ನೋಡ್ತಿರೋದು ಆನೆಮರಿ ಸ್ನಾನದ ರೀಲು.

ಬೋರೇಗೌಡ: ಇವ್ನಿಗೆ ಮನಸ್ಸು ಗಟ್ಟಿ ಇಲ್ಲ, ಅಷ್ಟೆಯಾ. ಮಾದಪ್ಪನ ಮೇಲೆ ಆಣೆ ಇಕ್ಕಿಸಿ ಬುಡಿ, ನಾಳಿಂದ ಮುಟ್ಟದೇ ಇಲ್ಲ.

ವಿಮಲಕ್ಕ: ಮಾದಪ್ಪನ್ನ ಯಾಕೆ ಸಿಕ್ಕಿಸ್ತೀರಿ ಗೌಡ್ರೇ? ಆಣೆ ಮಾಡೋದು ಹಣೆ ಹಿಂದಿರೋ ಮೆದುಳಿನ ಭಾಗ, ಪ್ರಿಫ್ರಂಟಲ್ ಕಾರ್ಟೆಕ್ಸ್. ಹೆಬ್ಬೆಟ್ಟಿನ ಅಭ್ಯಾಸ ಬೇರೂರಿರೋದು ಇನ್ನೂ ಒಳಗೆ, ಸ್ಟ್ರಯೇಟಮ್‌ನಲ್ಲಿ. ಅದಕ್ಕೆ ಆಣೆ ಗೀಣೆ ಕೇಳ್ಸಲ್ಲ. ಸುಳಿವು ಸಿಕ್ಕಿದ್ರೆ ಕೈ ಹೋಯ್ತು. ನಿದ್ದೆ ಕೆಟ್ಟಾಗ, ತಲೆಬಿಸಿ ಆದಾಗ ಮೊದಲು ಮಂಕಾಗೋದು ಆಣೆ ಮಾಡಿದ ಭಾಗವೇ. ಬೆಳಿಗ್ಗೆ ಆರಕ್ಕೆ ಮಾಡಿದ ಆಣೆ ರಾತ್ರಿ ಹನ್ನೊಂದಕ್ಕೆ ಮುರಿಯೋದು ಅದಕ್ಕೇ.

ಕೆಂಪಣ್ಣ: ಕೇಳುಸ್ಕೊಂಡ್ರಾ ಗೌಡ್ರೇ? ತಪ್ಪು ನಂದಲ್ಲ, ಸ್ಟ್ರಯೇಟಮ್ದು.

ಮೇಷ್ಟ್ರು: ಪೂರ್ತಿ ಕೇಳು ಮೊದಲು. ವೋಲ್ಫ್ರಾಮ್ ಶುಲ್ಟ್ಸ್ ಅಂತ ಒಬ್ಬ ವಿಜ್ಞಾನಿ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು, ಮೆದುಳಲ್ಲಿ ಡೋಪಮೈನ್ ಅನ್ನೋ ರಾಸಾಯನಿಕ ಬಿಡೋ ನರಕೋಶಗಳು ಯಾವಾಗ ಮಿಡಿತಾವೆ ಅಂತ ಅಳೆದ. ಮೊದಮೊದಲು ರಸ ಬಾಯಿಗೆ ಬಿದ್ದಾಗ ಮಿಡಿದವು. ರಸಕ್ಕೆ ಮುಂಚೆ ಒಂದು ಸುಳಿವು ಬರುತ್ತೆ ಅಂತ ಕೋತಿ ಕಲಿತ ಮೇಲೆ ಸುಳಿವಿಗೇ ಮಿಡಿದವು, ರಸಕ್ಕಲ್ಲ. ಸುಳಿವು ಬಂದು ರಸ ಬರದಿದ್ರೆ ಮಿಡಿತ ಕುಸೀತು.

ಬೋರೇಗೌಡ: ಅಂದ್ರೆ ಫೋನು ಟಿಣ್ ಅಂದಾಗ್ಲೇ ಇವ್ನು ಅರ್ಧ ಕುಡ್ದಂಗೆ.

ಮೇಷ್ಟ್ರು: ಕುಡಿದ ಹಾಗಲ್ಲ, ಲೋಟ ಕಂಡ ಹಾಗೆ. ಬೇಕು ಅನ್ನಿಸೋದು ಬೇರೆ, ಇಷ್ಟ ಆಗೋದು ಬೇರೆ. ಮೆದುಳಲ್ಲಿ ಎರಡಕ್ಕೂ ದಾರಿ ಬೇರೆ ಬೇರೆ ಅಂತ ಮಿಷಿಗನ್‌ನ ಕೆಂಟ್ ಬೆರಿಜ್ ತೋರಿಸಿದ್ದಾರೆ. ಕೆಂಪ, ನಿಜ ಹೇಳು, ನೂರು ರೀಲಲ್ಲಿ ಎಷ್ಟು ಇಷ್ಟ ಆಗುತ್ತೆ?

ಕೆಂಪಣ್ಣ: ಮೂರು. ಒಂದೊಂದ್ ದಿನ ನಾಕು.

ವಿಮಲಕ್ಕ: ಆ ಮೂರು ಯಾವಾಗ ಬರುತ್ತೆ ಅಂತ ಗೊತ್ತಿಲ್ಲದೇ ಇರೋದೇ ಗಾಳ. ಸ್ಕಿನ್ನರ್ ಅನ್ನೋ ಮನಶ್ಶಾಸ್ತ್ರಜ್ಞ ಪಾರಿವಾಳಗಳಲ್ಲಿ ಕಂಡಿದ್ದು ಇದನ್ನೇ. ಎಷ್ಟು ಸಲ ಕುಕ್ಕಿದ್ರೆ ಕಾಳು ಅಂತ ಲೆಕ್ಕ ಗೊತ್ತಿದ್ರೆ ನಡುವೆ ಸುಧಾರಿಸ್ಕೊಳ್ಳುತ್ತೆ. ಲೆಕ್ಕ ತಪ್ಪಿಸಿದ್ರೆ ಬಿಡದೆ ಕುಕ್ತಾನೇ ಇರುತ್ತೆ. ಇದರ ಮೇಲೆ 2006ರಲ್ಲಿ ಏಜಾ ರಾಸ್ಕಿನ್ ಅನ್ನೋರು ಪುಟಕ್ಕೆ ಕೊನೆಯೇ ಇಲ್ಲದ ಸ್ಕ್ರೋಲ್ ಕಂಡುಹಿಡಿದ್ರು. ಸಾಕು ಅನ್ನೋಕೆ ಇದ್ದ ಒಂದೇ ಜಾಗವೂ ಹೋಯ್ತು. ಆಮೇಲೆ ಅವರೇ ಅದಕ್ಕೆ ಪಶ್ಚಾತ್ತಾಪ ಪಟ್ಕೊಂಡ್ರು.

ಬೋರೇಗೌಡ: ಪಟ್ಕೊಂಡು? ಕೆಂಪನ ಹೆಬ್ಬೆಟ್ಟು ಸರಿ ಮಾಡ್ಕೊಟ್ರಾ?

ವಿಮಲಕ್ಕ: ಅದು ನಮ್ಮ ಪಾಲಿಗೆ ಬಂದಿದೆ. ಕೆಂಪಣ್ಣ, ಆ ಹಳೇ ತಕ್ಕಡಿ ಇತ್ತ ಎಳೀರಿ. ಒಂದು ತಟ್ಟೆಗೆ ಅಚ್ಚುಬೆಲ್ಲ ಇಡಿ. ಇಳೀತಲ್ಲ? ಅದು ರೀಲಿನ ಖುಷಿ. ಮೆದುಳಿಗೆ ಒಂದು ಕಡೆ ವಾಲಿಕೊಂಡಿರೋದು ಆಗ್ಬರಲ್ಲ, ಎದುರು ತಟ್ಟೆಗೆ ತಾನೇ ತೂಕದ ಬಟ್ಟು ಹಾಕುತ್ತೆ. ಹಾಕಿ. ಹೂಂ, ಈಗ ಬೆಲ್ಲ ತೆಗೀರಿ.

(ಬಟ್ಟಿನ ತಟ್ಟೆ ಧಡಾರಂತ ಗಲ್ಲಾಪೆಟ್ಟಿಗೆಗೆ ಬಡಿಯಿತು. ರಸೀದಿ ಪುಸ್ತಕ ಕೆಳಗೆ.)

ವಿಮಲಕ್ಕ: ಫೋನ್ ಕೆಳಗಿಟ್ಟ ತಕ್ಷಣ ಆಗೋ ಚಡಪಡಿಕೆ ಅದೇ. ಬೆಲ್ಲ ಹೋದಷ್ಟು ಬೇಗ ಬಟ್ಟು ಹೋಗಲ್ಲ. ದಿನಾ ಇದೇ ಆದ್ರೆ ಬೆಲ್ಲದ ಭಾರ ಅಷ್ಟೇ ಇರುತ್ತೆ, ಬಟ್ಟಿನ ಭಾರ ಹೆಚ್ಚುತ್ತಾ ಬರುತ್ತೆ. ಸಾಲೊಮನ್, ಕಾರ್ಬಿಟ್ ಅನ್ನೋ ಇಬ್ರು ಮನಶ್ಶಾಸ್ತ್ರಜ್ಞರು 1974ರಲ್ಲೇ ಈ ಸಿದ್ಧಾಂತ ಬರೆದಿದ್ರು. ಕೊನೆಗೆ ನೀವು ಫೋನ್ ಹಿಡಿಯೋದು ಖುಷಿಗಲ್ಲ, ತಟ್ಟೆ ಸಮ ಆಗ್ಲಿ ಅಂತ.

ಕೆಂಪಣ್ಣ: ಅಂಗಾದ್ರೆ ಈ ಬಟ್ಟು ಇಳಿಸೋ ಮಾತ್ರೆ ಏನಾರ? ನೆನ್ನೆ ಒಂದು ರೀಲಲ್ಲೇ ಬಂದಿತ್ತು, ಡೋಪಮೈನ್ ಉಪವಾಸ ಅಂತ.

ಮೇಷ್ಟ್ರು: ಡೋಪಮೈನ್ ಉಪವಾಸ ಬಿದ್ರೆ ಎದ್ದು ಬಾಗಿಲ ತನಕ ನಡೆಯೋದೂ ಕಷ್ಟ. ಪಾರ್ಕಿನ್ಸನ್ ಕಾಯಿಲೇಲಿ ಡೋಪಮೈನ್ ಕೋಶಗಳು ಸತ್ತಾಗ ಆಗೋದು ಅದೇ. ತಕ್ಕಡಿ ಲೆಕ್ಕಕ್ಕೆ ಮಾತ್ರ ಕಣಪ್ಪ, ತಲೆಯೊಳಗೆ ಬಟ್ಟು ಹುಡುಕಬೇಡ. ರೀಲಲ್ಲಿ ಔಷಧಿ ಮಾರೋರನ್ನಂತೂ ಮೊದಲು ಬಿಡು.

ವಿಮಲಕ್ಕ: ಬಟ್ಟು ತಾನೇ ಇಳಿಯುತ್ತೆ, ನೀವು ಮೇಲೆ ಬೆಲ್ಲ ಹಾಕದೇ ಇದ್ರೆ. ಸ್ಟ್ಯಾನ್‌ಫರ್ಡ್‌ನ ಮನೋವೈದ್ಯೆ ಆ್ಯನಾ ಲೆಂಬ್ಕಿ ಸಾಮಾನ್ಯವಾಗಿ 4 ವಾರ ಕೊಡ್ತಾರೆ. ಮೊದಲ ವಾರ, ಹತ್ತು ದಿನ ಸಿಡುಕು, ಬೇಜಾರು, ನಿದ್ದೆ ಹತ್ತದೇ ಇರೋದು ಆಗ್ಬಹುದು. ‘ನಂಗೆ ಇದು ಆಗ್ಬರಲ್ಲ’ ಅಂತ ಎಲ್ಲರೂ ಕೈಬಿಡೋದು ಅಲ್ಲೇ. ಅದು ಆಗ್ತಿದ್ರೆ ಬಟ್ಟು ಇನ್ನೂ ತಟ್ಟೆ ಮೇಲಿದೆ ಅಂತ, ಅಷ್ಟೇ.

ಬೋರೇಗೌಡ: ನಾಕು ವಾರ ಫೋನೇ ಮುಟ್ಟದಿದ್ರೆ ಇವ್ನ ಮಂಡಿಗೆ ಬೀಗ.

ವಿಮಲಕ್ಕ: ಫೋನ್ ಬಿಡಿ ಅಂದೋರ್ಯಾರು? ಕರೆ ಇರ್ಲಿ, ರೈತರ ವಾಟ್ಸಾಪ್ ಇರ್ಲಿ, ದುಡ್ಡಿಂದೂ ಇರ್ಲಿ. ಹೆಬ್ಬೆಟ್ಟು ಓಡಿಸೋದು ಒಂದೋ ಎರಡೋ ಆ್ಯಪ್. ಅವನ್ನ ಮಾತ್ರ ಬಿಡೋದು. ಎಲ್ಲಾ ಒಟ್ಟಿಗೆ ಬಿಟ್ಟೋರು ಕೆಲಸಕ್ಕೆ ಅಂತ ಮೂರನೇ ದಿನ ಫೋನ್ ಹಿಡೀತಾರೆ, ಜೊತೆಗೆ ರೀಲೂ ವಾಪಸ್ ಬರುತ್ತೆ.

ಕೆಂಪಣ್ಣ: ಸರಿ, ಯೇಳಿ. ಎಂಗೆ ಶುರು ಮಾಡದು?

ವಿಮಲಕ್ಕ: ತಲೆ ಚೆನ್ನಾಗಿರೋ ಹೊತ್ತಲ್ಲಿ, ಅಂದ್ರೆ ಈಗ. ರಾತ್ರಿ ಹನ್ನೊಂದರ ಕೆಂಪಣ್ಣನಿಗೆ ಈಗಿನ ಕೆಂಪಣ್ಣ ಬೇಲಿ ಹಾಕಿಡ್ಬೇಕು. ರೀಲಿನ ಆ್ಯಪಲ್ಲಿ ಲಾಗೌಟ್ ಮಾಡಿ, ಆ್ಯಪನ್ನೇ ಅಳಿಸಿ ಹಾಕಿ. ಪಾಸ್‌ವರ್ಡ್ ಮೊದಲೇ ಹದಿನಾರು ಅಕ್ಷರದ್ದು ಇಟ್ಟು ಚೀಟೀಲಿ ಬರೆದು ಗೌಡ್ರಿಗೆ ಕೊಡಿ. ಬ್ರೌಸರಲ್ಲೂ ಲಾಗೌಟ್ ಮಾಡಿ, ಆ ಸಂದಿ ಎಲ್ಲರೂ ಮರೀತಾರೆ.

ಕೆಂಪಣ್ಣ: ಓಟಿಪಿ ತರುಸ್ಕೊಂಡು ಹೊಸ ಪಾಸ್‌ವರ್ಡ್ ಮಾಡ್ಕೊಬೋದಲ್ಲ ಅಕ್ಕಾ?

ಬೋರೇಗೌಡ: ನೋಡ್ರೋ, ಕಳ್ಳ ಕನ್ನ ಇಕ್ಕಕ್ಕೆ ಮುಂಚೇನೇ ದಾರಿ ಕೇಳ್ತಾವ್ನೆ!

ವಿಮಲಕ್ಕ: ಮಾಡ್ಕೊಬಹುದು. ಅದಕ್ಕೆ ಎರಡು ಮೂರು ನಿಮಿಷ ಬೇಕು. ನಮಗೆ ಬೀಗ ಬೇಡ, ತಡ ಸಾಕು. ಅಭ್ಯಾಸ ಓಡೋದು ಅರೆ ಸೆಕೆಂಡಲ್ಲಿ. ಮೂರು ನಿಮಿಷ ಸಿಕ್ರೆ ಹಣೆ ಹಿಂದಿನೋರು ಎದ್ದು ಬಂದು ಏನ್ಲಾ ಮಾಡ್ತಿದೀಯ ಅಂತ ಕೇಳ್ತಾರೆ. ಟೈಮರ್ ಮಾತ್ರ ನಂಬಬೇಡಿ. ಅರ್ಧ ಗಂಟೆ ಆಯ್ತು ಅಂತ ಅದು ನಿಲ್ಸುತ್ತೆ, ತೆಗೆಯೋಕೆ ಎರಡು ಸಲ ಒತ್ತಿದ್ರೆ ಆಯ್ತು. ಹತ್ತು ದಿನದಲ್ಲಿ ಹೆಬ್ಬೆಟ್ಟು ಅದನ್ನೂ ಕಲೀತದೆ.

ಮೇಷ್ಟ್ರು: ಬಣ್ಣ ತೆಗೆಯೋದು ಹೇಳು.

ವಿಮಲಕ್ಕ: ಹೂಂ. ಬಹಳಷ್ಟು ಆಂಡ್ರಾಯ್ಡ್ ಫೋನಲ್ಲಿ, ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್, ಅದರೊಳಗೆ ಬೆಡ್‌ಟೈಮ್ ಮೋಡ್, ಅಲ್ಲಿ ಗ್ರೇಸ್ಕೇಲ್. ಸಂಜೆ ಏಳರಿಂದ್ಲೇ ಹಾಕಿಡಿ. ಆನೆಮರಿ ಹೇಗೂ ಬೂದಿ ಬಣ್ಣ. ಮಿಕ್ಕಿದ್ದೆಲ್ಲ ಸಪ್ಪೆ ಹೊಡೆಯುತ್ತೆ. ನೋಟಿಫಿಕೇಶನ್ನಲ್ಲಿ ಮನುಷ್ಯರು ಮಾಡಿದ ಕರೆ, ಮೆಸೇಜು ಬಿಟ್ಟು ಮಿಕ್ಕಿದ್ದೆಲ್ಲ ಬಂದ್. ದುಡ್ಡಿನ ನೆಪ ಹೇಳೋ ಹಾಗಿಲ್ಲ, ಸೌಂಡ್‌ಬಾಕ್ಸ್ ಇದೆ. ರಾತ್ರಿ ಚಾರ್ಜಿಗೆ ಹಾಕೋದು ನಡುಮನೇಲಿ. ಅಲಾರಂಗೆ ಒಂದು ಗಡಿಯಾರ ತಗೊಳ್ಳಿ. ಒಂದೇ ಮಾಡೋಕಾಗೋದು ಅಂದೋರಿಗೆ ನಾನು ಇದನ್ನೇ ಹೇಳ್ತೀನಿ. ದಿಂಬಿನ ಪಕ್ಕದ ಫೋನು ನಿದ್ದೆ ತಿನ್ನುತ್ತೆ, ನಿದ್ದೆಗೆಟ್ಟ ತಲೆ ಮಾರನೇ ದಿನ ಇನ್ನಷ್ಟು ಫೋನ್ ಕೇಳುತ್ತೆ.

ಕೆಂಪಣ್ಣ: ಇಷ್ಟೆಲ್ಲ ಮಾಡಿದ್ಮೇಲೂ ಕೈ ತುರಿಸ್ತದಲ್ಲ?

ವಿಮಲಕ್ಕ: ತುರಿಸ್ಲಿ, ಜಗಳ ಆಡಬೇಡಿ. ಆ ಸೆಳೆತ ಏರಿ, ನೆತ್ತಿಗೆ ಬಂದು, ಇಳಿಯುತ್ತೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ. ‘ಬೇಡ ಬೇಡ’ ಅಂತ ಒಳಗೇ ಕಿರುಚಿದ್ರೆ ಅದನ್ನೇ ನೆನೆಸ್ಕೊಂಡ ಹಾಗೆ. ಎಲ್ಲಿ ಗೊತ್ತಾಗ್ತಿದೆ ನೋಡಿ: ಎದೇಲೋ, ಹೊಟ್ಟೇಲೋ, ಹೆಬ್ಬೆಟ್ಟಿನ ಬುಡದಲ್ಲೋ. ಉಸಿರು ಬಿಡೋದನ್ನ ಎಳೆಯೋದಕ್ಕಿಂತ ಉದ್ದ ಮಾಡಿ. ಕೈಗೆ ಬೇರೆ ಕೆಲಸ ಕೊಡಿ, ಎರಡು ಕೈಯೂ ಬೇಕಾಗೋ ಅಂಥದ್ದು. ಅಜ್ರಿನ್ ಮತ್ತು ನನ್ (Nunn) ಅನ್ನೋ ಇಬ್ರು ಮನಶ್ಶಾಸ್ತ್ರಜ್ಞರು 1973ರಲ್ಲಿ ಉಗುರು ಕಚ್ಚೋ ಥರದ ಅಭ್ಯಾಸಗಳಿಗೆ ಕೊಟ್ಟಿದ್ದು ಇದೇ ಉಪಾಯ: ಆ ಕೈ ಆ ಕೆಲಸ ಮಾಡೋಕಾಗದ ಹಾಗೆ ಇನ್ನೊಂದು ಕೆಲಸ, ಕೆಲವು ನಿಮಿಷ.

ಬೋರೇಗೌಡ: ಕಡ್ಲೆಕಾಯಿ ಸುಲಿ. ಮಡಗ್ಬುಟ್ಟು ಹೋಗು, ನಾನು ತಿಂತೀನಿ.

ವಿಮಲಕ್ಕ: ತಮಾಷೆ ಅಲ್ಲ, ಅದೇ ಸರಿ! ಆದ್ರೆ ಯಾವಾಗ ಅಂತ ಮೊದಲೇ ಕಟ್ಟಿಡಬೇಕು. ‘ಊಟ ಆಗಿ ಕೈ ಜೇಬಿಗೆ ಹೋದ್ರೆ, ಕಡ್ಲೆಕಾಯಿ ಮೊರ ಎಳ್ಕೊತೀನಿ.’ ‘ಕಡಿಮೆ ನೋಡ್ತೀನಿ’ ಅನ್ನೋದು ಯೋಜನೆ ಅಲ್ಲ, ಆಸೆ. ಸಂಜೆ ಒಂದು ಅರ್ಧ ಗಂಟೆ ನಾಲೆ ಏರಿ ಮೇಲೆ ಬಿರುಸಾಗಿ ನಡೀರಿ, ಮೈ ಬೆವರೋ ಹಾಗೆ. ಮೊದಮೊದಲು ನಡಿಗೆ ಸಪ್ಪೆ. ತಕ್ಕಡಿ ಸಮಕ್ಕೆ ಬರ್ತಾ ಬರ್ತಾ ಸಪ್ಪೆ ಅನ್ನಿಸಿದ್ದಕ್ಕೆಲ್ಲ ರುಚಿ ಬರುತ್ತೆ.

ಮೇಷ್ಟ್ರು: 21 ದಿನಕ್ಕೆ ಅಭ್ಯಾಸ ಕೂರುತ್ತೆ ಅಂತ ಯಾರೋ ಹೇಳ್ತಾರಲ್ಲ, ಅದನ್ನ ನಂಬ್ಕೊಂಡು ಕೂರಬೇಡ ಕೆಂಪ. ಲಂಡನ್ನಿನ ಒಂದು ಅಧ್ಯಯನದಲ್ಲಿ ಹೊಸ ಅಭ್ಯಾಸ ತಾನಾಗಿ ಆಗೋ ಮಟ್ಟಕ್ಕೆ ಬರೋಕೆ ನಡುಲೆಕ್ಕ 66 ದಿನ ಹಿಡೀತು. ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದ್ರೆ ಹೆಚ್ಚೇನೂ ಕೆಡಲಿಲ್ಲ.

ಬೋರೇಗೌಡ: ಇವ್ನು 254ರ ಗಿರಾಕಿ.

ವಿಮಲಕ್ಕ: ತಪ್ಪಿದ ದಿನಕ್ಕಿಂತ ಅದರ ಮಾರನೇ ದಿನ ಹುಷಾರು. ‘ಹೆಂಗೂ ಕೆಟ್ಟೋಯ್ತು’ ಅಂತ ವಾರಪೂರ್ತಿ ನೋಡೋದು ಆಗ. ಇನ್ನೊಂದು ಮೋಸ ಇದೆ: ರೀಲು ಬಿಟ್ಟು ಟೀವಿಗೆ ಜಾರೋದು. ರಾತ್ರಿ ಎರಡು ಗಂಟೆ ಚರ್ಚೆ, ಬ್ರೇಕಿಂಗ್ ನ್ಯೂಸ್, ಕೈಯಲ್ಲಿ ರಿಮೋಟ್...

ಬೋರೇಗೌಡ: ಟೀವಿ ಯಾಕ್ ತಂದ್ರಿ ಈಗ? ಅದು ದೇಶದ ಇಚಾರ.

ಮೇಷ್ಟ್ರು: ದೇಶ ನಿಮ್ಮ ರಿಮೋಟಿನ ಮೇಲೇ ನಿಂತಿದೆ ಪಾಪ.

ವಿಮಲಕ್ಕ: ಒಂದು ಮಾತು ಮಾತ್ರ ಗಂಭೀರವಾಗಿ. ಒಳಗೆ ಖಿನ್ನತೆ, ಆತಂಕ ಇದ್ದು ಅದನ್ನ ಮುಚ್ಚೋಕೆ ಫೋನ್ ಹಿಡಿಯೋರು ಇರ್ತಾರೆ. ಅವರಿಗೆ ಈ ಚೀಟಿ, ಕಡ್ಲೆಕಾಯಿ ಸಾಲದು. ನಿದ್ದೆ, ದುಡಿಮೆ, ಓದು ಕೈಬಿಟ್ಟು ಹೋಗ್ತಿದ್ರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ 2014ರಿಂದ ಷಟ್ ಕ್ಲಿನಿಕ್ ಇದೆ. ಅಷ್ಟು ದೂರ ಆಗಲ್ಲ ಅಂದ್ರೆ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕೆಂಪಣ್ಣ: ಆಯ್ತು. ತಗಳಿ ಗೌಡ್ರೇ, ಪಾಸ್‌ವರ್ಡ್ ಚೀಟಿ. ಜ್ವಾಪಾನ.

ಬೋರೇಗೌಡ: ನನ್ ಕನ್ನಡಕನೇ ಎಲ್ ಮಡಗಿವ್ನಿ ಅಂತ ನಂಗೆ ಗೊತ್ತಿಲ್ಲ, ನಿನ್ ಚೀಟಿ ನಂಗೆ ಕೊಡ್ತೀಯಲ್ಲೋ!

ವಿಮಲಕ್ಕ: ಅದಕ್ಕೇ ನಿಮ್ಮನ್ನ ಆರಿಸಿದ್ದು.