ಬುಧನ ಸೋಡಿಯಂ ಬಾಲ: ಯಾವ ಫಿಲ್ಟರ್, ಯಾವ ದಿನ?

ಪ್ರಶ್ನೆ (ಕೋಥ್ರೂಡ್, ಪುಣೆ): 135 ಮಿ.ಮೀ. ಲೆನ್ಸ್, ಮೋನೋ (ಕಪ್ಪು-ಬಿಳುಪು) ಕ್ಯಾಮೆರಾ, ಆಕಾಶದ ಚಲನೆಯನ್ನು ಹಿಂಬಾಲಿಸುವ ಟ್ರ್ಯಾಕಿಂಗ್ ಮೌಂಟ್ ಇವೆ. ಫಿಲ್ಟರ್ ಇಲ್ಲದ ಚಿತ್ರದಲ್ಲಿ ಬುಧ ಬರೀ ಚುಕ್ಕಿ. ಬುಧನಿಂದ ಹಾರಿಹೋದ ಸೋಡಿಯಂ ಪರಮಾಣುಗಳ ಬಾಲ ಚಿತ್ರದಲ್ಲಿ ಮೂಡಲು ಏನು ಬೇಕು? ಸಂಜೆ ಹತ್ತಿರದ ಸಿಂಹಗಡ ಕೋಟೆಗೆ ಹೋದರೆ ಆಗುತ್ತದೆಯೇ?

ದಾದರ್‌ನಿಂದ: 589 ನ್ಯಾನೊಮೀಟರ್ ಫಿಲ್ಟರ್ ತಗೊಳ್ಳಿ, 10 ನ್ಯಾನೊಮೀಟರ್ ಅಗಲದ ತರಂಗಾಂತರ ಪಟ್ಟಿಯನ್ನಷ್ಟೇ ಒಳಬಿಡುವಂಥದ್ದು. ಸೋಡಿಯಂನ 589.0, 589.6 ರೇಖೆಗಳೆರಡೂ ಅದರೊಳಗೆ ಬರುತ್ತವೆ. 1985ರಲ್ಲಿ ಪಾಟರ್ ಮತ್ತು ಮಾರ್ಗನ್ ಬುಧನ ಸುತ್ತಲಿನ ಸೋಡಿಯಂ ಪತ್ತೆಹಚ್ಚಿದ್ದೂ ಇವೇ ರೇಖೆಗಳಿಂದ.

ಆದರೆ ಫಿಲ್ಟರ್‌ಗಿಂತ ದಿನದ ಆಯ್ಕೆ ಮುಖ್ಯ. ಸೂರ್ಯನ ಬೆಳಕಿನಲ್ಲೇ ಈ ತರಂಗಾಂತರಗಳಲ್ಲಿ ಕಪ್ಪು ಫ್ರಾನ್‌ಹೋಫರ್ ರೇಖೆಗಳಿವೆ, ಅಂದರೆ ಅಲ್ಲಿ ಬೆಳಕು ತೀರಾ ಕಮ್ಮಿ. ಬುಧ ಪುರರವಿಯಲ್ಲಿದ್ದಾಗ (ಸೂರ್ಯನಿಗೆ ಅತಿ ಹತ್ತಿರದ ಬಿಂದುವಿನಲ್ಲಿ) ಸೂರ್ಯನತ್ತ ಸರಿಯುವುದೂ ಇಲ್ಲ, ದೂರವಾಗುವುದೂ ಇಲ್ಲ. ಪರಮಾಣುಗಳು ಆ ಕತ್ತಲಲ್ಲೇ ಸಿಕ್ಕಿಬಿದ್ದಿರುತ್ತವೆ. ಅದಕ್ಕೆ ಸುಮಾರು 16 ದಿನ ಹಿಂದೆ ಅಥವಾ ಮುಂದೆ, ಸೂರ್ಯನತ್ತ ಸರಿಯುವ ಇಲ್ಲವೇ ದೂರವಾಗುವ ವೇಗ ಸೆಕೆಂಡಿಗೆ 10 ಕಿ.ಮೀ. ಮುಟ್ಟುತ್ತದೆ. ಡಾಪ್ಲರ್ ಪಲ್ಲಟದಿಂದ (ಚಲನೆಯಿಂದ ತರಂಗಾಂತರ ಸರಿಯುವುದರಿಂದ) ಪರಮಾಣುಗಳಿಗೆ ಬೆಳಕು ಜಾಸ್ತಿ ಸಿಗುತ್ತದೆ, ಬಾಲ ಹೊಳೆಯುತ್ತದೆ, ಬೆಳಕಿನ ಒತ್ತಡವೂ ಅವನ್ನು ಜೋರಾಗಿ ಹಿಂದಕ್ಕೆ ತಳ್ಳುತ್ತದೆ. 88 ದಿನದ ಸುತ್ತಿನಲ್ಲಿ ಇಂಥ ಅವಕಾಶ ಎರಡೇ. ಆ ದಿನ ಬುಧ ಸೂರ್ಯನಿಂದ ಸಾಕಷ್ಟು ದೂರ ಕಾಣಿಸಬೇಕು, ಅದನ್ನೂ ಪಂಚಾಂಗದಲ್ಲೋ ಆಕಾಶ ನಕ್ಷೆಯ ಸಾಫ್ಟ್‌ವೇರ್‌ನಲ್ಲೋ ನೋಡಿಕೊಳ್ಳಿ.

ಮಡಗಾಂವ್‌ನಿಂದ: ಲೆನ್ಸ್ ಹಿಂದೆ ಫಿಲ್ಟರ್ ಹಾಕುವುದಾದರೆ ಎಫ್/2ರಲ್ಲಿ ತೆರೆಯಬೇಡಿ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು). ಓರೆಯಾಗಿ ಬರುವ ಕಿರಣಗಳಿಗೆ ಫಿಲ್ಟರಿನ ಕಿಟಕಿ ನೀಲಿಯತ್ತ ಸುಮಾರು 4 ನ್ಯಾನೊಮೀಟರ್ ಜಾರುತ್ತದೆ, ಸೋಡಿಯಂ ರೇಖೆ ಅಂಚಿಗೆ ಬೀಳುತ್ತದೆ. ಎಫ್/2.8 ಅಥವಾ ಎಫ್/4 ಇಡಿ. 3 ನ್ಯಾನೊಮೀಟರ್ ಫಿಲ್ಟರ್ ಆದರೆ ಎಫ್/5ಕ್ಕಿಂತ ಕಮ್ಮಿ ಬೇಡ.

10ರಿಂದ 30 ಸೆಕೆಂಡಿನ ಚಿತ್ರಗಳನ್ನು ಸಾಲಾಗಿ ತೆಗೆದು ಸ್ಟ್ಯಾಕ್ ಮಾಡಿ, ಅಂದರೆ ಒಂದರ ಮೇಲೊಂದು ಕೂಡಿಸಿ. ನಕ್ಷತ್ರಗಳಿಗಲ್ಲ, ಬುಧನಿಗೇ ಹೊಂದಿಸಿ. ನಕ್ಷತ್ರಗಳ ನಡುವೆ ನಿಮಿಷಕ್ಕೆ ಸುಮಾರು 4 ಆರ್ಕ್‌ಸೆಕೆಂಡ್ (ಡಿಗ್ರಿಯ 3600ನೇ ಒಂದು ಭಾಗ ಒಂದು ಆರ್ಕ್‌ಸೆಕೆಂಡ್) ಬುಧ ಸರಿಯುತ್ತದೆ. ದಿಗಂತದಿಂದ ಮೇಲಕ್ಕೆ ಕಮ್ಮಿಯಾಗುತ್ತ ಹೋಗುವ ಸಂಧ್ಯಾ ಬೆಳಕನ್ನು ಚಿತ್ರದಿಂದ ಕಳೆದ ಮೇಲಷ್ಟೇ ಬಾಲ ಎದ್ದುಬರುತ್ತದೆ, ಆದ್ದರಿಂದ ಫ್ಲ್ಯಾಟ್ ಚಿತ್ರಗಳನ್ನು (ಲೆನ್ಸಿನ ಏರುಪೇರು ಸರಿಪಡಿಸಲು ಸಮನಾದ ಬೆಳಕಿನಲ್ಲಿ ತೆಗೆದವು) ಬಿಡಬೇಡಿ. ಹಳೆಯ ಹಳದಿ ಸೋಡಿಯಂ ದೀಪಗಳಿರುವ ರಸ್ತೆಯ ಕಡೆ ಕ್ಯಾಮೆರಾ ಹಿಡಿದರೆ ಆ ಬೆಳಕೂ ಇದೇ ಕಿಟಕಿಯಿಂದ ನುಗ್ಗುತ್ತದೆ.

ಹಡಪ್ಸರ್‌ನಿಂದ: ಪುಣೆಗೆ ಪಶ್ಚಿಮದಲ್ಲಿ ಸಹ್ಯಾದ್ರಿ ಅಡ್ಡ. ಸಂಜೆಯೇ ಬೇಕಿದ್ದರೆ ಕೊಂಕಣದ ಕಡಲತೀರ, ಅದೂ ಫೆಬ್ರವರಿಯಿಂದ ಏಪ್ರಿಲ್. ಪೂರ್ವಕ್ಕೆ ಬಯಲು ತೆರೆದಿದೆ, ಹಾಗಾಗಿ ಮಳೆಗಾಲ ಮುಗಿದ ಮೇಲಿನ ಮುಂಜಾವುಗಳೇ ನಿಮಗೆ ವಾಸಿ. ಸೂರ್ಯ ಹುಟ್ಟುವ ಮೊದಲೇ ಲೆನ್ಸ್ ಮುಚ್ಚಿಬಿಡಿ.

ಪ್ರಶ್ನಿಸಿದವರು: ಧನ್ಯವಾದ. ಸಿಕ್ಕಿದ್ದು ಬಾಲವೇ, ಲೆನ್ಸಿನ ಪ್ರತಿಫಲನವೇ ಎಂದು ತಿಳಿಯುವುದು ಹೇಗೆ?

ದಾದರ್‌ನಿಂದ: ಬಾಲ ಯಾವಾಗಲೂ ಸೂರ್ಯನಿಗೆ ವಿರುದ್ಧ ದಿಕ್ಕಿಗೆ, ಅಂದರೆ ದಿಗಂತದಿಂದ ಮೇಲಕ್ಕೆ ಚಾಚುತ್ತದೆ. ಉದ್ದ ಒಂದು ಡಿಗ್ರಿ ದಾಟಬಹುದು. ಲೆನ್ಸ್ ಸಮೇತ ಕ್ಯಾಮೆರಾವನ್ನು 90 ಡಿಗ್ರಿ ತಿರುಗಿಸಿ ಇನ್ನೊಂದು ಸರಣಿ ತೆಗೆಯಿರಿ. ಕ್ಯಾಮೆರಾ ಜೊತೆ ಗೆರೆಯೂ ತಿರುಗಿದರೆ ಪ್ರತಿಫಲನ. ಹಸಿರು ಫಿಲ್ಟರಿನಲ್ಲೂ ಒಂದು ಸರಣಿ ಇರಲಿ, ನಿಜವಾದ ಬಾಲ ಅದರಲ್ಲಿ ಮಾಯವಾಗಿರಬೇಕು.